ದೇಶಭ್ರಷ್ಟ ದೊರೆಯ ಮನೆ

ಹಳೆಯ ಅರಮನೆಗಳನ್ನು ನೋಡುವುದೆಂದರೆ ನಮ್ಮ ಜನರಿಗೆ ಬಹಳ ಇಷ್ಟ. ಮೈಸೂರಿನ ಅರಮನೆಗೆ ಹೋದವರು ಕಂಬಗಳನ್ನೂ ಚಿತ್ರಗಳನ್ನೂ ದೀಪಗಳನ್ನೂ ನೋಡಿ ಬೆರಗಾಗಿ ನಿಲ್ಲುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅರಸರು ಬಾಳಿದ ಮನೆ ಅರಸರ ವೈಭವವನ್ನು ಹೇಳಬೇಕಾದದ್ದೇ. ಆದರೆ ಅರಮನೆಯ ಆಕಾರವನ್ನು ಹೊತ್ತುಕೊಂಡು, ನಿಜವಾಗಿ ಅರಮನೆಯಲ್ಲದ ಮನೆಗಳೂ ಲೋಕದಲ್ಲಿ ಕೆಲವುಂಟು. ಅವು ಗೆದ್ದವರು ಸೋತವನಿಗಾಗಿ ಕಟ್ಟಿಸಿಕೊಟ್ಟ ಮನೆಗಳು. ಮಹಾರಾಷ್ಟ್ರದ ರತ್ನಾಗಿರಿಯಲ್ಲಿರುವ ಥಿಬಾ ಅರಮನೆ ಅಂಥದೊಂದು. ಬ್ರಹ್ಮದೇಶದ ಕೊನೆಯ ದೊರೆ ತನ್ನ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿ. ಇಂಥ ಮನೆಗಳನ್ನು ನಾವು ಬೇರೆ ಕಣ್ಣಿನಿಂದ ನೋಡಬೇಕು, ಅವುಗಳನ್ನು ಕಾಪಾಡುವವರು ಬೇರೆ ರೀತಿಯಿಂದ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇನೆ.

ರತ್ನಾಗಿರಿ ನಮಗೆ ತೀರ ದೂರದ ಊರಲ್ಲ. ಕೊಂಕಣ ರೈಲು ಹಿಡಿದರೆ ಕಾರವಾರವನ್ನೂ ಗೋವೆಯನ್ನೂ ದಾಟಿ ಕೆಲವೇ ಗಂಟೆಗಳಲ್ಲಿ ತಲುಪಬಹುದು. ಕೆಂಪು ಕಲ್ಲಿನ ನೆಲ, ಮಾವಿನ ತೋಪು, ತೆಂಗು, ಕಡಲು. ನಮ್ಮ ಕರಾವಳಿಯೇ ಉತ್ತರಕ್ಕೆ ಚಾಚಿಕೊಂಡಂತೆ ತೋರುತ್ತದೆ. ಊರಿನಲ್ಲಿ ಯಾರನ್ನು ಕೇಳಿದರೂ "ಥಿಬಾ ರಾಜವಾಡಾ" ಎಂದು ದಾರಿ ತೋರಿಸುತ್ತಾರೆ. ಎತ್ತರದ ದಿನ್ನೆಯ ಮೇಲೆ ಮುರಕಲ್ಲು ಮತ್ತು ಕೆಂಪು ಇಟ್ಟಿಗೆಯಿಂದ ಕಟ್ಟಿದ ಮೂರು ಅಂತಸ್ತಿನ ಕಟ್ಟಡ ಅದು. ಇಳಿಜಾರಾದ ಮಾಡು, ಮರದ ಕೆತ್ತನೆಯ, ಅರ್ಧಚಂದ್ರಾಕಾರದ ಕಮಾನುಗಳುಳ್ಳ ಕಿಟಕಿಗಳು, ಒಳಗೆ ವಿಶಾಲವಾದ ಸಭಾಂಗಣ. ಮೇಲಿನಿಂದ ನೋಡಿದರೆ ಭಾಟ್ಯೆಯ ಅಳಿವೆಯೂ ಅದರಾಚೆಯ ಕಡಲೂ ಕಾಣುತ್ತವೆ. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಶಿಲ್ಪಗಳನ್ನೂ, ದೊರೆಯ ಕಾಲದ ಕೆಲವು ಸಾಮಾನುಗಳನ್ನೂ, ಛಾಯಾಚಿತ್ರಗಳನ್ನೂ ಇಟ್ಟಿದ್ದಾರೆ. ನಾನು ಹೋದ ದಿನ ಗಾಳಿ ಜೋರಾಗಿತ್ತು, ಜನ ವಿರಳವಾಗಿದ್ದರು. ನಿಧಾನವಾಗಿ ನೋಡಲು ಅನುಕೂಲವಾಯಿತು.

ಮೊದಲು ಆ ದೊರೆಯ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಬ್ರಹ್ಮದೇಶದ ಕೊನ್‌ಬೌಂಗ್ ವಂಶದ ಮಿಂಡೋನ್ ದೊರೆ 1878ರಲ್ಲಿ ತೀರಿಕೊಂಡಾಗ ಅವನ ಮಕ್ಕಳಲ್ಲಿ ಒಬ್ಬನಾದ ಥಿಬಾ ಪಟ್ಟಕ್ಕೆ ಬಂದನು. ಆಗ ಅವನಿಗೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಆ ವೇಳೆಗೆ ಆಂಗ್ಲರು ಎರಡು ಯುದ್ಧಗಳಲ್ಲಿ ಬ್ರಹ್ಮದೇಶದ ಕರಾವಳಿಯನ್ನೂ ರಂಗೂನನ್ನೂ ನುಂಗಿದ್ದರು. ಉಳಿದದ್ದು ಮಂಡಾಲೆಯನ್ನು ರಾಜಧಾನಿಯಾಗಿ ಉಳ್ಳ ಉತ್ತರ ಭಾಗ ಮಾತ್ರ. 1885ರಲ್ಲಿ ಬಾಂಬೆ ಬರ್ಮಾ ವ್ಯಾಪಾರ ಕಂಪನಿ ಕಾಡಿನಲ್ಲಿ ಕಡಿದ ತೇಗದ ಲೆಕ್ಕವನ್ನು ಕಡಿಮೆ ತೋರಿಸಿತೆಂದು ದೊರೆಯ ಮಂತ್ರಿಮಂಡಲ 20 ಲಕ್ಷ ರೂಪಾಯಿಗೂ ಮೀರಿದ ದಂಡ ಹಾಕಿತು. ಅದೇ ನೆವವಾಯಿತು. ನೆವದ ಹಿಂದೆ ನಿಜವಾದ ಭಯ ಬೇರೆ ಇತ್ತು: ದೊರೆ ಫ್ರೆಂಚರ ಸ್ನೇಹ ಬೆಳೆಸುತ್ತಿದ್ದಾನೆ ಎಂಬುದು. ನವೆಂಬರ್ ತಿಂಗಳಿನಲ್ಲಿ ಜನರಲ್ ಪ್ರೆಂಡರ್‌ಗಾಸ್ಟನ ಸೈನ್ಯ ಐರಾವತಿ ನದಿಯ ಮೇಲೆ ಹಡಗುಗಳಲ್ಲಿ ಬಂದಿತು. ಎರಡು ವಾರಗಳಲ್ಲಿ ಎಲ್ಲವೂ ಮುಗಿಯಿತು. 1885ರ ನವೆಂಬರ್ 29ರಂದು ದೊರೆಯನ್ನೂ ಬಸುರಿಯಾಗಿದ್ದ ರಾಣಿ ಸುಪಯಾಲತ್‌ಳನ್ನೂ ಎತ್ತಿನ ಗಾಡಿಯಲ್ಲಿ ಕೂರಿಸಿ, ನೆರೆದ ಪ್ರಜೆಗಳ ಕಣ್ಣೆದುರಿಗೇ ನದಿಯ ದಡಕ್ಕೆ ಕರೆದೊಯ್ದು ಹಡಗು ಹತ್ತಿಸಿದರು. 1886ರ ಜನವರಿ 1ರಂದು ಅವನ ರಾಜ್ಯ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿತೆಂದು ಘೋಷಣೆಯಾಯಿತು.

ದೊರೆಯನ್ನು ಮೊದಲು ಮದರಾಸಿಗೂ, 1886ರ ಏಪ್ರಿಲಿನಲ್ಲಿ ಅಲ್ಲಿಂದ ರತ್ನಾಗಿರಿಗೂ ತಂದರು. ಆ ಕಾಲಕ್ಕೆ ರತ್ನಾಗಿರಿಗೆ ರೈಲು ಇಲ್ಲ. ಮಳೆಗಾಲದಲ್ಲಿ ಹಡಗೂ ದುರ್ಲಭ. ಒಬ್ಬ ಮನುಷ್ಯನನ್ನು ಲೋಕ ಮರೆಯಬೇಕೆಂದಿದ್ದರೆ ಅದಕ್ಕಿಂತ ಒಳ್ಳೆಯ ಊರು ಸಿಕ್ಕುತ್ತಿರಲಿಲ್ಲ.

ಇಲ್ಲಿ ವಾಚಕರು ಗಮನಿಸತಕ್ಕ ಒಂದು ಲೆಕ್ಕವಿದೆ. ಇಂದು ನಾವು ನೋಡುವ ಅರಮನೆ ಸಿದ್ಧವಾದದ್ದು 1910ರಲ್ಲಿ. ದೊರೆ ತೀರಿಕೊಂಡದ್ದು 1916ರ ಡಿಸೆಂಬರಿನಲ್ಲಿ. ಎಂದರೆ ರತ್ನಾಗಿರಿಯಲ್ಲಿ ಕಳೆದ ಸುಮಾರು 30 ವರ್ಷಗಳಲ್ಲಿ ಅವನು ಈ ಮನೆಯಲ್ಲಿ ಇದ್ದದ್ದು 6 ವರ್ಷ ಮಾತ್ರ. ಉಳಿದ 24 ವರ್ಷಗಳನ್ನು ಸರ್ಕಾರ ಗೊತ್ತುಮಾಡಿದ ಬಂಗಲೆಗಳಲ್ಲಿ, ಇಂದು ನಾಳೆ ಬಿಡುಗಡೆಯಾದೀತೆಂಬ ಆಸೆಯಲ್ಲಿ ಕಳೆದನು. 27 ವರ್ಷದ ತರುಣನಾಗಿ ಬಂದವನು 57ನೆಯ ವಯಸ್ಸಿನಲ್ಲಿ ಸತ್ತನು. ಆಳಿದ್ದು 7 ವರ್ಷ. ಸೆರೆಯಲ್ಲಿದ್ದದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಆ ಸಭಾಂಗಣದಲ್ಲಿ ನಿಂತರೆ ಅದೊಂದು ಸುಂದರವಾದ ಕಟ್ಟಡ, ಅಷ್ಟೇ. ಇಟ್ಟುಕೊಂಡು ನಿಂತರೆ, ತೀರ್ಪು ಎಂದೋ ಆಗಿಹೋಗಿತ್ತು, ಕಟ್ಟಡ ಮಾತ್ರ ತಡವಾಗಿ ಬಂತು ಎಂದು ಗೊತ್ತಾಗುತ್ತದೆ.

ನಾನು ಅಲ್ಲಿದ್ದಾಗ ಒಬ್ಬ ಯಾತ್ರಿಕರು ತಮ್ಮ ಮನೆಯವರಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. ಅವರು ಬೆಳಗಾವಿಯ ಕಡೆಯವರೆಂದು ಮಾತಿನಿಂದಲೇ ತಿಳಿಯಿತು. "ಇಷ್ಟು ದೊಡ್ಡ ಮನಿ ಕಟ್ಟಿಸಿ ಕೊಟ್ಟಾರ, ಕೂಳು ಹಾಕ್ಯಾರ, ಆಳು ಕೊಟ್ಟಾರ. ಇನ್ನೇನು ಕಡಿಮಿ ಆಗಿತ್ತು ಅವಗ?" ಎಂದರು. ಅವರ ಮಾತನ್ನು ನಾನು ಹಾಸ್ಯಕ್ಕೆ ತೆಗೆದುಕೊಳ್ಳಲಿಲ್ಲ. ಹೊಟ್ಟೆಪಾಡಿಗಾಗಿ ದುಡಿಯುವ ಯಾವನಿಗಾದರೂ ಆ ಮನೆಯನ್ನು ನೋಡಿದಾಗ ಸಹಜವಾಗಿ ಏಳುವ ಪ್ರಶ್ನೆ ಅದು. ಆಂಗ್ಲ ಸರ್ಕಾರವೂ ತನ್ನ ಮನಸ್ಸಾಕ್ಷಿಗೆ ಅದೇ ಸಮಾಧಾನ ಹೇಳಿಕೊಂಡಿರಬೇಕು. ಆದ್ದರಿಂದ ಅದಕ್ಕೆ ಸರಿಯಾದ ಉತ್ತರ ಕೊಡುವುದು ಅವಶ್ಯ.

ಏನು ಕಡಿಮೆಯಾಗಿತ್ತು? ಮೊದಲನೆಯದಾಗಿ, ಸ್ವಂತ ಇಚ್ಛೆಯಿಂದ ಊರು ದಾಟುವ ಸ್ವಾತಂತ್ರ್ಯವಿರಲಿಲ್ಲ. ಅವನ ಮೇಲ್ವಿಚಾರಣೆಗೆಂದೇ ಪೊಲೀಸ್ ಅಧಿಕಾರಿಯಿದ್ದನು. ಖರ್ಚಿಗೂ ಪತ್ರಕ್ಕೂ ಭೇಟಿಗೂ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಎರಡನೆಯದಾಗಿ, ಮಾಡುವುದಕ್ಕೆ ಕೆಲಸವಿರಲಿಲ್ಲ. ಸೆರೆಮನೆಯ ಕೈದಿಗೆ ಕಲ್ಲು ಒಡೆಯುವ ಕೆಲಸವಾದರೂ ಇರುತ್ತದೆ. ಇವನಿಗೆ ದಿನವೆಲ್ಲ ಕಡಲು ನೋಡುವುದೇ ಕೆಲಸ. ದುರ್ಬೀನು ಹಿಡಿದು ಹಡಗುಗಳನ್ನು ನೋಡುತ್ತಿದ್ದನೆಂದು ರತ್ನಾಗಿರಿಯ ಜನ ಇಂದಿಗೂ ಹೇಳುತ್ತಾರೆ. ಮೂರನೆಯದಾಗಿ, ಮಕ್ಕಳಿಗೆ ಭವಿಷ್ಯವಿರಲಿಲ್ಲ. ನಾಲ್ವರು ರಾಜಕುಮಾರಿಯರಲ್ಲಿ ಹಿರಿಯರಿಬ್ಬರು ಮಂಡಾಲೆಯಲ್ಲಿ, ಮೂರನೆಯವಳು ಮದರಾಸಿನಲ್ಲಿ, ಕೊನೆಯವಳು ರತ್ನಾಗಿರಿಯಲ್ಲಿ ಹುಟ್ಟಿದರು. ಸರಿಯಾದ ವಿದ್ಯೆಯಿಲ್ಲ, ಸರಿಸಮಾನರಾದ ವರರಿಲ್ಲ, ತಮ್ಮ ಜನರ ಒಡನಾಟವಿಲ್ಲ. ನಾಲ್ಕನೆಯದಾಗಿ, ಸತ್ತ ಮೇಲೂ ಬಿಡುಗಡೆಯಿರಲಿಲ್ಲ. ದೊರೆಯ ದೇಹವನ್ನು ಮಂಡಾಲೆಗೆ ಒಯ್ಯಬೇಕೆಂದು ರಾಣಿ ಹಟ ಹಿಡಿದಳು. ಸರ್ಕಾರ ಒಪ್ಪಲಿಲ್ಲ. ಕಡೆಗೆ 1919ರಲ್ಲಿ ರತ್ನಾಗಿರಿಯಲ್ಲೇ ಗೋರಿ ಕಟ್ಟಿ ಅದರಲ್ಲಿಟ್ಟರು. ಅದೇ ವರ್ಷ ರಾಣಿಗೆ ರಂಗೂನಿಗೆ ಮರಳಲು ಅನುಮತಿ ದೊರೆಯಿತು, ಮಂಡಾಲೆಗೆ ದೊರೆಯಲಿಲ್ಲ. ಅವಳು 1925ರಲ್ಲಿ ರಂಗೂನಿನಲ್ಲೇ ತೀರಿಕೊಂಡಳು. ಗಂಡನ ಗೋರಿ ಅರಬ್ಬೀ ಕಡಲಿನ ದಂಡೆಯಲ್ಲಿ, ಹೆಂಡತಿಯದು ರಂಗೂನಿನಲ್ಲಿ, ಇಬ್ಬರ ಮನೆ ಮಂಡಾಲೆಯಲ್ಲಿ.

ಚಿನ್ನದ ಚೂರಿಯೆಂದು ಕುತ್ತಿಗೆ ಕೊಯ್ದುಕೊಳ್ಳುವುದುಂಟೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ದೊಡ್ಡ ಮನೆಯೆಂದು ಸೆರೆ ಸೆರೆಯಲ್ಲದೆ ಹೋಗುವುದಿಲ್ಲ. ಅಷ್ಟೇ ಅಲ್ಲ, ಆ ದೊಡ್ಡತನವೇ ಒಂದು ಉಪಾಯ. ನೋಡಿದವರು "ಏನು ಕಡಿಮೆಯಾಗಿತ್ತು?" ಎಂದು ಕೇಳಲಿ ಎಂದೇ ಅಂಥ ಮನೆಗಳನ್ನು ಕಟ್ಟುತ್ತಾರೆ. ಆದ್ದರಿಂದ ಅಂಥ ಮನೆಯನ್ನು ಅಲಂಕರಿಸಿ ಸುಮ್ಮನೆ ತೋರಿಸಿದರೆ ಕಟ್ಟಿಸಿದವನ ಮಾತನ್ನೇ ನಾವು ಮುಂದುವರಿಸಿದಂತಾಗುತ್ತದೆ.

ಇನ್ನು ಇದರ ಮತ್ತೊಂದು ಮುಖ. ಸೆರೆಯಾಳಿನ ಮನೆಗೆ ಹೋದವರಿಗೆ ಕರುಣೆ ಉಕ್ಕುವುದು ಸಹಜ. ಆ ಕರುಣೆಯಲ್ಲಿ ಸತ್ಯ ಮುಳುಗಿಹೋಗಬಾರದು. ಥಿಬಾ ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ, 1879ರ ಫೆಬ್ರವರಿಯಲ್ಲಿ, ಮಂಡಾಲೆಯ ಅರಮನೆಯೊಳಗೆ ಸುಮಾರು 80 ಮಂದಿ ರಾಜಬಂಧುಗಳನ್ನು ಕೊಲ್ಲಲಾಯಿತು. ಅವರಲ್ಲಿ ಅವನ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಇದ್ದರು. ಅದನ್ನು ನಡೆಸಿದವರು ರಾಣಿಯ ತಾಯಿ ಮತ್ತು ಕೆಲವು ಮಂತ್ರಿಗಳು, ಎಳೆಯ ದೊರೆ ಅವರ ಕೈಗೊಂಬೆ ಎಂದು ಅನೇಕ ಚರಿತ್ರಕಾರರ ಮತ. ಹಾಗಿದ್ದರೂ ಸಿಂಹಾಸನದಲ್ಲಿ ಕುಳಿತವನ ಕೈ ಶುದ್ಧವಾಗಿತ್ತೆಂದು ಹೇಳುವಂತಿಲ್ಲ. ಆಂಗ್ಲರು ಈ ಕೊಲೆಗಳನ್ನು ತಮ್ಮ ಪರವಾಗಿ ಬಹಳ ಬಳಸಿಕೊಂಡರು. ಕ್ರೂರಿಯಾದ ದೊರೆಯಿಂದ ಜನರನ್ನು ಪಾರುಮಾಡಿದೆವೆಂದರು. ಆದರೆ ಯುದ್ಧ ಸಾರಿದ್ದು 1879ರಲ್ಲಿ ಅಲ್ಲ, 1885ರಲ್ಲಿ. ಸತ್ತವರ ಸಲುವಾಗಿ ಅಲ್ಲ, ತೇಗದ ದಂಡದ ನೆವದಿಂದ. ಎರಡು ಮಾತೂ ನಿಜ: ದೊರೆ ನಿರಪರಾಧಿಯಲ್ಲ, ಅವನನ್ನು ಶಿಕ್ಷಿಸಿದವರು ನ್ಯಾಯಾಧೀಶರಲ್ಲ. ಇಂಥ ಮನೆಯೊಳಗೆ ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗೆ ಬರಬೇಕು. ಒಂದನ್ನೇ ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ, ವಕಾಲತ್ತಾಗುತ್ತದೆ.

ಮೂರನೆಯ ಮಾತೊಂದಿದೆ. ಅದು ನಮ್ಮ ಬಗೆಗಿನದು. ಆದ್ದರಿಂದ ಹೇಳುವುದು ಸ್ವಲ್ಪ ಕಷ್ಟ. ಮಂಡಾಲೆಗೆ ನುಗ್ಗಿದ ಸೈನ್ಯದಲ್ಲಿ ಆಂಗ್ಲರಿಗಿಂತ ಭಾರತೀಯ ಸಿಪಾಯಿಗಳೇ ಹೆಚ್ಚು. ಮದರಾಸು ಪ್ರಾಂತದ ದಳಗಳೂ ಅದರಲ್ಲಿದ್ದವು. ರತ್ನಾಗಿರಿಯಲ್ಲಿ ದೊರೆಯ ಬಾಗಿಲು ಕಾದವರೂ ನಮ್ಮವರೇ. ಅವನ ಒಡವೆಗಳನ್ನು ಬೆಲೆಗಿಂತ ಕಡಿಮೆಗೆ ಕೊಂಡುಕೊಂಡ ಸಾಹುಕಾರರೂ ನಮ್ಮವರೇ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಇಲ್ಲಿ ಸುಳ್ಳಾಗಲಿಲ್ಲ. ನಾವೂ ಪರರ ಆಳ್ವಿಕೆಯಲ್ಲಿ ನೊಂದವರು ಎಂದು ಹೇಳಿಕೊಳ್ಳುವಾಗ, ಅದೇ ಆಳ್ವಿಕೆಯ ಕೈಯಾಗಿ ನೆರೆಯವರನ್ನು ನೋಯಿಸಿದ್ದೂ ಉಂಟೆಂಬುದನ್ನು ಮರೆಯಬಾರದು. ಆದರೆ ನಮ್ಮ ಮಾನ ಉಳಿಸುವ ಒಂದು ಸಂಗತಿಯನ್ನೂ ಹೇಳಬೇಕು. ದೊರೆಯನ್ನು ಹಡಗು ಹತ್ತಿಸಿದ ಒಂದು ತಿಂಗಳಿಗೆ, 1885ರ ಡಿಸೆಂಬರಿನ ಕೊನೆಯಲ್ಲಿ, ಮುಂಬಯಿಯಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನ ನಡೆಯಿತು. ಆ ಸಭೆ ಅಂಗೀಕರಿಸಿದ ನಿರ್ಣಯಗಳಲ್ಲಿ ಉತ್ತರ ಬ್ರಹ್ಮದೇಶವನ್ನು ಕಬಳಿಸುವುದು ಸರಿಯಲ್ಲ ಎಂಬುದೂ ಒಂದು. ಕಬಳಿಸಲೇಬೇಕೆಂದಿದ್ದರೆ ಬ್ರಹ್ಮದೇಶವನ್ನು ಭಾರತದ ಆಡಳಿತದಿಂದ ಬೇರ್ಪಡಿಸಿ ಎಂದೂ ಅದು ಕೇಳಿತು. ಆ ಮಾತು ಕೈಗೂಡಿದ್ದು 1937ರಲ್ಲಿ. ಈ ನಿರ್ಣಯದ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಆಂಗ್ಲರ ಗಡಿಪಾರಿನ ಪದ್ಧತಿಯಲ್ಲಿ ಒಂದು ವಿಚಿತ್ರವಾದ ಅದಲುಬದಲು ಕಾಣುತ್ತದೆ. ದೆಹಲಿಯ ಕೊನೆಯ ಮೊಗಲ್ ಬಾದಶಹ ಬಹದ್ದೂರ್ ಷಾ ಜಫರನನ್ನು 1858ರಲ್ಲಿ ರಂಗೂನಿಗೆ ಕಳುಹಿಸಿದರು. 1862ರಲ್ಲಿ ಸತ್ತಾಗ ಗುರುತೇ ಸಿಕ್ಕದಂತೆ ಹೂಳಿದರು. 1991ರಲ್ಲಿ ಚರಂಡಿಗಾಗಿ ಅಗೆಯುವಾಗ ಆ ಗೋರಿ ಸಿಕ್ಕಿತು. ಭಾರತದ ಬಾದಶಹ ಬ್ರಹ್ಮದೇಶದಲ್ಲಿ, ಬ್ರಹ್ಮದೇಶದ ದೊರೆ ಭಾರತದಲ್ಲಿ. ಅದಕ್ಕಿಂತ ಮೊದಲು ಟಿಪ್ಪುವಿನ ಮಕ್ಕಳನ್ನು ಶ್ರೀರಂಗಪಟ್ಟಣದಿಂದ ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ಬಳಿಕ ಕಲ್ಕತ್ತೆಗೆ ಸಾಗಿಸಿದ್ದರು. ಸಿಂಹಳದ ಕ್ಯಾಂಡಿ ರಾಜನನ್ನೂ ವೆಲ್ಲೂರಿನಲ್ಲೇ ಇಟ್ಟಿದ್ದರು. ಬೇರು ಕಿತ್ತ ಗಿಡ ತಾನಾಗಿ ಒಣಗುತ್ತದೆ, ಕಡಿಯುವ ಪಾಪ ನಮಗೇಕೆ ಎಂಬುದೇ ಆ ಪದ್ಧತಿಯ ಮರ್ಮ.

ರತ್ನಾಗಿರಿಯಲ್ಲಿ ಈ ಅದಲುಬದಲು ಇನ್ನೂ ಸ್ಪಷ್ಟವಾಗಿ ಕಾಣಸಿಗುತ್ತದೆ. ಲೋಕಮಾನ್ಯ ತಿಲಕರು 1856ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಆ ಮನೆಯನ್ನೂ ಸ್ಮಾರಕವಾಗಿ ಕಾಪಾಡಿದ್ದಾರೆ. ರಾಜದ್ರೋಹದ ಆಪಾದನೆಯ ಮೇಲೆ ಅವರಿಗೆ 1908ರಲ್ಲಿ ಶಿಕ್ಷೆಯಾದಾಗ ಕಳುಹಿಸಿದ್ದು ಎಲ್ಲಿಗೆ? ಮಂಡಾಲೆಗೆ. ಅಲ್ಲಿ ಥಿಬಾ ದೊರೆಯ ಕೋಟೆಯ ಗೋಡೆಗಳೊಳಗೇ ಇದ್ದ ಸೆರೆಮನೆಯಲ್ಲಿ 1914ರ ವರೆಗೆ ಇದ್ದು 'ಗೀತಾರಹಸ್ಯ'ವನ್ನು ಬರೆದರು. ಆ ಗ್ರಂಥವನ್ನು ಆಲೂರು ವೆಂಕಟರಾಯರು ಕನ್ನಡಕ್ಕೆ ತಂದದ್ದನ್ನು ನಾವು ಬಲ್ಲೆವು. ಮಂಡಾಲೆಯ ದೊರೆ ರತ್ನಾಗಿರಿಯ ದಿನ್ನೆಯ ಮೇಲೆ ಹೊಸ ಮನೆಗೆ ಬಂದ ವರ್ಷ ರತ್ನಾಗಿರಿಯ ಮಗ ಮಂಡಾಲೆಯ ಸೆರೆಯಲ್ಲಿದ್ದನು. ಈ ಎರಡು ಮನೆಗಳನ್ನೂ ಒಂದೇ ದಿನ ನೋಡಬಹುದು. ನಡುವಿನ ಹಾದಿ ಹೆಚ್ಚಲ್ಲ. ಆದರೆ ಒಂದು ಮನೆಗೆ ಹೋದವನಿಗೆ ಇನ್ನೊಂದರ ನೆನಪಾಗಬೇಕು. ಹಾಗೆ ನೆನಪಾಗುವಂತೆ ಮಾಡುವುದೇ ವಸ್ತುಸಂಗ್ರಹಾಲಯಗಳ ಕೆಲಸವೆಂದು ನನ್ನ ಭಾವನೆ. ವಸ್ತುಗಳನ್ನು ಸಂಗ್ರಹಿಸುವುದು ಅದರ ಅರ್ಧ ಕೆಲಸ. ಸಂಬಂಧಗಳನ್ನು ಸಂಗ್ರಹಿಸುವುದು ಉಳಿದರ್ಧ.

ಆ ಮನೆಯ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ದೊರೆಯಲ್ಲ, ಅವನ ಹಿರಿಯ ಮಗಳು. ಸುತ್ತಮುತ್ತ ಬೇರೆ ಯಾರನ್ನೂ ಕಾಣದೆ ಬೆಳೆದ ಆ ಹೆಣ್ಣು ಮಗಳು, ಮೊದಲೇ ಸಂಸಾರವಿದ್ದ ಬಾಗಿಲು ಕಾಯುವ ಗೋಪಾಲನಲ್ಲಿ ಮನಸ್ಸಿಟ್ಟಳು. 1906ರಲ್ಲಿ ಅವರಿಗೊಬ್ಬ ಮಗಳು ಹುಟ್ಟಿದಳು. ಟುಟು ಎಂದು ಕರೆದರು. 1919ರಲ್ಲಿ ತಾಯಿಯೊಡನೆ ರಂಗೂನಿಗೆ ಹೋದ ಹಿರಿಯ ರಾಜಕುಮಾರಿ ಅಲ್ಲಿ ನಿಲ್ಲಲಾರದೆ ಮತ್ತೆ ರತ್ನಾಗಿರಿಗೇ ಬಂದಳು. ಬಡತನದಲ್ಲಿ ಬಾಳಿ, ಭಾರತಕ್ಕೆ ಸ್ವಾತಂತ್ರ್ಯ ಬಂದ ವರ್ಷವಾದ 1947ರಲ್ಲಿ ಅಲ್ಲೇ ತೀರಿಕೊಂಡಳು. ಅವಳ ಮಗಳು ಮರಾಠಿ ಮಾತಾಡುವ ಸಾಮಾನ್ಯ ಗೃಹಿಣಿಯಾಗಿ ಬಾಳಿದಳು. ಈ ಕಥೆಯನ್ನು ಕೆಲವರು 'ರಾಜವಂಶದ ಪತನ' ಎಂದು ಹೇಳಿ ನಿಟ್ಟುಸಿರು ಬಿಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಗೆದ್ದವರು ಬೇರು ಕಿತ್ತು ಎಸೆದ ಗಿಡದ ಒಂದು ಕೊಂಬೆ ಪರದೇಶದ ಮಣ್ಣಿನಲ್ಲಿ ಚಿಗುರಿತು. ಚಿಗುರಿದ್ದು ಅರಮನೆಯಲ್ಲಿ ಅಲ್ಲ, ಬಡವರ ಬೀದಿಯಲ್ಲಿ. ಅವಳನ್ನು ತಮ್ಮವಳೆಂದು ಒಪ್ಪಿಕೊಂಡು, ಅವಳಿಗೆ ಭಾಷೆಯನ್ನು ಕೊಟ್ಟದ್ದು ರತ್ನಾಗಿರಿಯ ಸಾಮಾನ್ಯ ಜನ. ಆ ಮನೆಯ ಗೋಡೆಯ ಮೇಲೆ ವೈಸರಾಯರ ಹೆಸರಿಗಿಂತ ಆ ಬಾಗಿಲುಕಾಯುವವನ ಹೆಸರು ದೊಡ್ಡದಾಗಿರಬೇಕೆಂದು ನಾನು ಹೇಳಿದರೆ ಕೆಲವರಿಗೆ ನಗು ಬರಬಹುದು. ಆದರೆ ನಾನು ಅದನ್ನು ನಗೆಗಾಗಿ ಹೇಳುತ್ತಿಲ್ಲ.

ಈ ವಿಚಾರ ನಮ್ಮ ನಾಡಿಗೂ ಅನ್ವಯಿಸುತ್ತದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿ ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಕಂಪನಿಯಲ್ಲಿ ತೊಡಗಿಸಿದ್ದ ತನ್ನ ಹಣಕ್ಕಾಗಿ ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿದನು. 1859ರಲ್ಲಿ ಅಲ್ಲೇ ಸತ್ತು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣಾದನು. ಗೌರಮ್ಮ ಕ್ರೈಸ್ತಳಾಗಿ, ವಿಕ್ಟೋರಿಯ ರಾಣಿಯ ಧರ್ಮಪುತ್ರಿಯೆನಿಸಿ, 1864ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಹೋದಳು. ಅವನೂ ನಿರಪರಾಧಿಯಲ್ಲ, ಅವನ ಕ್ರೌರ್ಯದ ಕಥೆಗಳು ಕೊಡಗಿನಲ್ಲಿ ಇಂದಿಗೂ ಇವೆ. ಮಾಸ್ತಿಯವರು 1956ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಯಲ್ಲಿ ಅವನ ಕಥೆಯನ್ನು ಹೇಳದೆ ಇದ್ದಿದ್ದರೆ ಕೊಡಗಿನ ಹೊರಗಿನ ಕನ್ನಡಿಗರಲ್ಲಿ ಎಷ್ಟು ಮಂದಿ ಅವನನ್ನು ನೆನೆಯುತ್ತಿದ್ದರು? ಕಾಶಿಯಲ್ಲಿ ಅವನು ಕಳೆದ ವರ್ಷಗಳನ್ನು ನಿಂತು ನೆನೆಯಲು ನಮಗೆ ಒಂದು ಮನೆ ಬೇಕಲ್ಲವೆ? ಬ್ರಹ್ಮದೇಶದವರಿಗೆ ರತ್ನಾಗಿರಿಯಲ್ಲಿ ಅಂಥದೊಂದು ಮನೆಯಿದೆ. ಪರರ ದುಃಖಕ್ಕೆ ನಾವು ಕಾವಲುಗಾರರಾಗಿದ್ದೇವೆ. ಅದು ಸಣ್ಣ ಹೊಣೆಯಲ್ಲ.

ಅದು ಎಂಥ ಹೊಣೆಯೆಂಬುದು ಮತ್ತೊಂದು ಸಂಗತಿಯಿಂದ ತಿಳಿಯುತ್ತದೆ. ಮಂಡಾಲೆಯ ನಿಜವಾದ ಅರಮನೆ ಎರಡನೆಯ ಮಹಾಯುದ್ಧದಲ್ಲಿ, 1945ರ ಮಾರ್ಚಿಯಲ್ಲಿ, ಸುಟ್ಟು ಬೂದಿಯಾಯಿತು. ಇಂದು ಅಲ್ಲಿ ಕಾಣುವುದು ಬಹುಮಟ್ಟಿಗೆ ಈಚೆಗೆ ಮತ್ತೆ ಕಟ್ಟಿದ್ದು. ದೊರೆಯ ಸಿಂಹಾಸನಗಳಲ್ಲಿ ಒಂದು ಕಲ್ಕತ್ತೆಯ ವಸ್ತುಸಂಗ್ರಹಾಲಯದಲ್ಲಿದ್ದದ್ದರಿಂದ ಉಳಿದು, 1948ರಲ್ಲಿ ಸ್ವತಂತ್ರ ಬ್ರಹ್ಮದೇಶಕ್ಕೆ ಹಿಂದಿರುಗಿತು. ಲಂಡನ್ನಿನಲ್ಲಿದ್ದ ರಾಜಲಾಂಛನಗಳು 1964ರಲ್ಲಿ ಹಿಂದಿರುಗಿದವು. ಹೀಗೆ ಮನೆ ಸುಟ್ಟುಹೋಯಿತು, ಸೆರೆ ಉಳಿಯಿತು. ಥಿಬಾ ವಾಸಿಸಿದ ಗೋಡೆಗಳು ನಿಂತಿರುವುದು ಇಂದು ರತ್ನಾಗಿರಿಯಲ್ಲಿ. 2012ರಲ್ಲಿ ಆ ದೇಶದ ಅಧ್ಯಕ್ಷರು ರತ್ನಾಗಿರಿಗೆ ಬಂದು ದೊರೆಯ ಗೋರಿಗೆ ವಂದಿಸಿದರು. ಗೋರಿಯೊಳಗಿನ ಎಲುಬುಗಳು ಮರಳಬೇಕೇ, ಇಲ್ಲಿಯೇ ಇರಬೇಕೇ ಎಂಬುದನ್ನು ಆ ದೇಶದ ಜನ ನಿರ್ಧರಿಸಬೇಕು. ಆದರೆ ಮನೆಯನ್ನು ಅವರು ಒಯ್ಯಲಾರರು. ಅದನ್ನು ಸರಿಯಾಗಿ ಇಡಬೇಕಾದವರು ನಾವು.

ಸರಿಯಾಗಿ ಇಡುವುದೆಂದರೇನು? ಗೋಡೆಗೆ ಸುಣ್ಣ, ಮಾಡಿಗೆ ಹೆಂಚು, ಇಷ್ಟೇ ಅಲ್ಲ. ಇಂಥ ಮನೆ ಎಲ್ಲಿದ್ದರೂ ಅದರಲ್ಲಿ ನಾಲ್ಕು ಸಂಗತಿಗಳು ಇರಬೇಕೆಂದು ನನಗೆ ತೋರುತ್ತದೆ. ಒಂದು, ಸೆರೆಯಾಳಿನ ಒಂದು ದಿನ ಹೇಗೆ ಕಳೆಯುತ್ತಿತ್ತು ಎಂಬುದು ಕೋಣೆಕೋಣೆಯಲ್ಲೂ ತಿಳಿಯಬೇಕು. ಶಿಲ್ಪಗಳು ಎಷ್ಟೇ ಚೆಲುವಾಗಿದ್ದರೂ ಅವು ಆ ಕಥೆಯನ್ನು ಮರೆಮಾಡಬಾರದು. ಎರಡು, ಅವನು ಮಾಡಿದ ತಪ್ಪೂ ಅವನಿಗೆ ಆದ ಅನ್ಯಾಯವೂ ಅಕ್ಕಪಕ್ಕದಲ್ಲಿ ಬರೆದಿರಬೇಕು. ಮೂರು, ಅಡಿಗೆಯವರು, ದಾದಿಯರು, ಕಾವಲುಗಾರರು, ಇವರ ಬಾಳಿಗೂ ಒಂದು ಕೋಣೆ ಮೀಸಲಾಗಬೇಕು. ನಾಲ್ಕು, ಆ ಸೆರೆಯಾಳಿನ ಭಾಷೆ ಅಲ್ಲಿ ಕಾಣಬೇಕು. ರತ್ನಾಗಿರಿಗೆ ಬಂದ ಬ್ರಹ್ಮದೇಶದ ಯಾತ್ರಿಕನೊಬ್ಬನು ತನ್ನ ದೊರೆಯ ಹೆಸರನ್ನು ತನ್ನ ಲಿಪಿಯಲ್ಲಿ ಓದುವಂತಾದರೆ, ನೂರು ವರ್ಷಗಳ ಹಿಂದೆ ಆ ದೊರೆಗೆ ಈ ನೆಲದಲ್ಲಿ ಸಿಕ್ಕದ ಮರ್ಯಾದೆಯಲ್ಲಿ ಅಷ್ಟಾದರೂ ಸಲ್ಲಿಸಿದಂತಾಗುತ್ತದೆ.

"ಇದು ಪ್ರಜಾರಾಜ್ಯ; ಸತ್ತ ಅರಸರ ಗೊಡವೆ ನಮಗೇಕೆ? ಆ ಹಣದಲ್ಲಿ ಒಂದು ಶಾಲೆ ಕಟ್ಟಬಾರದೆ?" ಎಂದು ಕೇಳುವವರಿದ್ದಾರೆ. ಮಾತು ನ್ಯಾಯವಾದದ್ದೇ, ಶಾಲೆ ಬೇಡವೆನ್ನುವವನು ನಾನಲ್ಲ. ಆದರೆ ಆ ಮನೆಯಲ್ಲಿ ಕಲಿಯತಕ್ಕದ್ದು ಅರಸುತನದ ಪಾಠವಲ್ಲ. ಥಿಬಾ ದೊರೆಯನ್ನು ಯಾವ ನ್ಯಾಯಾಲಯವೂ ವಿಚಾರಣೆ ಮಾಡಲಿಲ್ಲ. ಯಾವ ಅಪರಾಧಕ್ಕೆ, ಎಷ್ಟು ವರ್ಷ ಎಂದು ಯಾರೂ ಹೇಳಲಿಲ್ಲ. ಅದೇ ಸರ್ಕಾರ 1907ರಲ್ಲಿ ಲಾಲಾ ಲಜಪತರಾಯರನ್ನು 1818ರ ಒಂದು ಹಳೆಯ ರೆಗ್ಯುಲೇಷನ್ನಿನ ಬಲದಿಂದ ವಿಚಾರಣೆಯಿಲ್ಲದೆ ಮಂಡಾಲೆಗೆ ಸಾಗಿಸಿತು. ಸುಭಾಷರನ್ನು ಕೂಡ ವಿಚಾರಣೆಯಿಲ್ಲದೆಯೇ ಹಿಡಿದು, 1925ರಿಂದ 1927ರ ವರೆಗೆ ಅಲ್ಲಿಯೇ ಇಟ್ಟಿತು. ದೊರೆಗೆ ಮಾಡಿದ್ದನ್ನು ಮುಖಂಡನಿಗೆ ಮಾಡುವುದು ಕಷ್ಟವಾಗಲಿಲ್ಲ. ಮುಖಂಡನಿಗೆ ಮಾಡಿದ್ದನ್ನು ಸಾಮಾನ್ಯನಿಗೆ ಮಾಡುವುದು ಇನ್ನೂ ಸುಲಭ. ಸ್ವತಂತ್ರ ಭಾರತದ ಸಂವಿಧಾನವೂ ತನ್ನ 22ನೆಯ ಅನುಚ್ಛೇದದಲ್ಲಿ ಮುನ್ನೆಚ್ಚರಿಕೆಯ ಬಂಧನಕ್ಕೆ ಎಡೆಯಿಟ್ಟು, ಅದಕ್ಕೆ ಕೆಲವು ಕಟ್ಟುಗಳನ್ನೂ ಹಾಕಿದೆ. ಆ ಕಟ್ಟುಗಳು ಏಕೆ ಬೇಕು, ಅವು ಏಕೆ ಸಡಿಲವಾಗಬಾರದು ಎಂಬುದನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ಒಂದು. ಕಾರಣ ಹೇಳದೆ 30 ವರ್ಷ ಒಬ್ಬನನ್ನು ಕೂರಿಸಿದ್ದ ಊರಿನಲ್ಲಿ, ಅವನು ಕೊನೆಯುಸಿರೆಳೆದ ಮನೆಯಲ್ಲಿ ನಿಂತು ತಿಳಿಯುವುದು ಇನ್ನೊಂದು. ಆ ಅರ್ಥದಲ್ಲಿ ಆ ಮನೆಯೂ ಒಂದು ಶಾಲೆಯೇ.

ನಮ್ಮ ಕಾಲೇಜುಗಳಿಂದ ಪ್ರತಿ ವರ್ಷ ಪ್ರವಾಸ ಹೊರಡುತ್ತೇವೆ. ಗೋವೆಯ ವರೆಗೆ ಹೋಗುವವರು ಬಹಳ. ರತ್ನಾಗಿರಿಯ ವರೆಗೆ ಹೋಗುವವರು ವಿರಳ. ಹೋದವರು ಕೂಡ ಗಣಪತಿಪುಳೆಯ ದೇವಸ್ಥಾನವನ್ನೂ ಕಡಲ ತೀರವನ್ನೂ ನೋಡಿ, ಅರಮನೆಗೆ ಅರ್ಧ ಗಂಟೆ ಕೊಟ್ಟು ಹಿಂದಿರುಗುವುದೇ ವಾಡಿಕೆ. ಮುಂದಿನ ವರ್ಷ ಹೋಗುವ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಬೆಳಿಗ್ಗೆ ತಿಲಕರು ಹುಟ್ಟಿದ ಮನೆಯನ್ನು ನೋಡಿ, ಆಮೇಲೆ ಥಿಬಾ ಅರಮನೆಗೆ ಹೋಗಿ, ಸಂಜೆ ಅವನ ಗೋರಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿರಿ. ಅಲ್ಲಿಯ ಮುದುಕರು ಯಾರಾದರೂ ಸಿಕ್ಕಿದರೆ ಹಿರಿಯ ರಾಜಕುಮಾರಿಯ ಮಾತು ತೆಗೆಯಿರಿ, ಹೇಳಿದ್ದನ್ನು ಬರೆದುಕೊಳ್ಳಿರಿ. ನಮ್ಮ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ನಾಲ್ಕು ಪುಟ ಸಿಕ್ಕಿದರೆ, ಬಹುಮಾನ ಪಡೆದ ಆಟಗಾರರ ಚಿತ್ರಗಳಷ್ಟೇ ಸಂತೋಷದಿಂದ ಅದನ್ನೂ ಓದುವವರು ನಮ್ಮಲ್ಲಿ ಇದ್ದೇ ಇದ್ದಾರೆ.